ವಿಂಡೋಸ್ 10 ನಿಂತ ಮೇಲೆ ಹಳೆ ಕಂಪ್ಯೂಟರಿಗೆ ಯಾವ ದಾರಿ?

"ಮಷಿನ್ ಇನ್ನೂ ಚಲೋ ನಡೀತೈತ್ರಿ, ಯಾಕ ಬದಲಿ ಮಾಡಬೇಕು?" ವಿಂಡೋಸ್ 10ರ ಬಗ್ಗೆ ಕೇಳುವವರಲ್ಲಿ ಹೆಚ್ಚಿನವರು ಮಾತು ಶುರು ಮಾಡುವುದೇ ಹೀಗೆ. ಹುಬ್ಬಳ್ಳಿ ದುರ್ಗದಬೈಲಿನ ಅಂಗಡಿಯವರು, ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪರೀಕ್ಷೆಗೆ ಓದುವ ಹುಡುಗರು, ಗದಗಿನ ಪ್ರೆಸ್‌ನವರು, ಬ್ಯಾಡಗಿಯ ದಲಾಲಿ ಅಂಗಡಿಯವರು, ಎಲ್ಲರದ್ದೂ ಇದೇ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಮರುದಿನವೂ ಕಂಪ್ಯೂಟರ್ ಆನ್ ಆಯಿತು, ಬಿಲ್ಲು ಪ್ರಿಂಟ್ ಆಯಿತು. ಹಾಗಾದರೆ ನಿಂತಿದ್ದು ಏನು?

ನಿಂತಿದ್ದು ತಿಂಗಳಿಗೊಮ್ಮೆ ಬರುತ್ತಿದ್ದ ಭದ್ರತಾ ಅಪ್‌ಡೇಟ್. ವಿಂಡೋಸ್‌ನಲ್ಲಿ ಹೊಸ ಹೊಸ ತೂತುಗಳು ಪತ್ತೆ ಆಗುತ್ತಲೇ ಇರುತ್ತವೆ. ಇಷ್ಟು ದಿನ ಅವನ್ನು ಮುಚ್ಚುತ್ತಿದ್ದರು, ಈಗ ಮುಚ್ಚುವುದಿಲ್ಲ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ ಜಗತ್ತಿನಾದ್ಯಂತ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳ ಫೈಲುಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಹಾಕಿಕೊಳ್ಳಲು ಅಪ್‌ಡೇಟೇ ಬರದಿದ್ದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಹಾಗಂತ ನಾಳೆಯೇ ಹೊಸ ಕಂಪ್ಯೂಟರ್ ತರಬೇಕು ಅಂತಲ್ಲ. ದಾರಿಗಳು ಆರು ಇವೆ: ಅದೇ ಮಷಿನ್‌ಗೆ ವಿಂಡೋಸ್ 11, ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್, ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸ್, ಅದೇ ತರಹದ ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್, ಬೇರೆ ಕಂಪ್ಯೂಟರ್ ಕೊಳ್ಳುವುದು, ಇಂಟರ್ನೆಟ್ ಕಿತ್ತು ಹಾಗೆಯೇ ಇಟ್ಟುಕೊಳ್ಳುವುದು. ಇವುಗಳಲ್ಲಿ ಆರಿಸುವಾಗ ಎಲ್ಲರೂ ಮೊದಲು ಮಷಿನ್ ಎಷ್ಟು ಹಳೆಯದು ಎಂದು ನೋಡುತ್ತಾರೆ. ಅದರ ಮೇಲೆ ಯಾವ ಕೆಲಸ ನಡೆಯುತ್ತದೆ ಎಂದು ಮೊದಲು ನೋಡಿ ಎನ್ನುತ್ತೇನೆ ನಾನು. ಒಂದೇ ಮಾಡೆಲ್‌ನ ಎರಡು ಲ್ಯಾಪ್‌ಟಾಪ್‌ಗಳಿಗೆ ಬೇರೆ ಬೇರೆ ಉತ್ತರ ಬರುವುದು ಅದಕ್ಕೇ.

ಮೊದಲು ನಿಮ್ಮನ್ನೇ ಕೇಳಿಕೊಳ್ಳಿ

ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ವಿಂಡೋಸ್ ಬಿಟ್ಟರೆ ನಡೆಯದೇ ಇರುವ ಸಾಫ್ಟ್‌ವೇರ್ ಅಥವಾ ಸಾಧನ ನಿಮ್ಮಲ್ಲಿ ಯಾವುದಿದೆ? ಲೆಕ್ಕ ಇಡುವ ಟ್ಯಾಲಿ ಒಂದು. ಡಿಟಿಪಿ, ಅಂದರೆ ಮುದ್ರಣಕ್ಕೆ ಪುಟ ಜೋಡಿಸುವ ಕೆಲಸ ಮಾಡುವವರಿಗೆ ಕೋರೆಲ್‌ಡ್ರಾ, ಪೇಜ್‌ಮೇಕರ್, ಅದರ ಜೊತೆಗೆ ಕನ್ನಡ ಟೈಪಿಂಗ್‌ನ ನುಡಿ ಮತ್ತು ಹಳೆಯ ಫಾಂಟುಗಳು. ರಿಟರ್ನ್ಸ್ ಹಾಕುವವರಿಗೆ ಡಿಜಿಟಲ್ ಸಹಿಯ ಡಿಎಸ್‌ಸಿ ಟೋಕನ್. ಸೇವಾ ಕೇಂದ್ರ ನಡೆಸುವವರಿಗೆ ಆಧಾರ್ ಬೆರಳಚ್ಚಿನ ಸಾಧನ. ಕೊನೆಗೆ ಪ್ರಿಂಟರ್, ಸ್ಕ್ಯಾನರ್. ಒಂದು ಹಾಳೆ ತೆಗೆದುಕೊಂಡು ಕೂತು ಬರೆಯಿರಿ. ಇದನ್ನು ಬರೆಯದೇ ಮುಂದೆ ಹೋದವರು ಅರ್ಧ ದಾರಿಯಲ್ಲಿ ವಾಪಸ್ ಬರುತ್ತಾರೆ.

ಎರಡನೆಯದು, ಆ ಕಂಪ್ಯೂಟರ್‌ನಲ್ಲಿ ದುಡ್ಡಿನ ವ್ಯವಹಾರ ಇದೆಯಾ? ನೆಟ್ ಬ್ಯಾಂಕಿಂಗ್, ಗಿರಾಕಿಗಳ ಪ್ಯಾನ್, ಆಧಾರ್ ಪ್ರತಿಗಳು, ಇಡೀ ವರ್ಷದ ಲೆಕ್ಕ ಇವೆಲ್ಲ ಇದ್ದರೆ ಭದ್ರತೆಯಲ್ಲಿ ರಾಜಿ ಬೇಡವೇ ಬೇಡ. ಬರೀ ಹಾಡು, ಸಿನಿಮಾ ನೋಡುವ ಮಷಿನ್ ಆದರೆ ಲೆಕ್ಕ ಬೇರೆ.

ಮೂರನೆಯದು, ಇನ್ನೆಷ್ಟು ವರ್ಷ ನಡೆಸಬೇಕು ಮತ್ತು ಕೈಯಲ್ಲಿ ಎಷ್ಟು ದುಡ್ಡಿದೆ. ನಾಲ್ಕನೆಯದನ್ನು ಸುಮಾರು ಜನ ಮರೆಯುತ್ತಾರೆ: ಅದರ ಮುಂದೆ ಕೂರುವವರು ಯಾರು? ಮನೆಯ ಹಿರಿಯರೋ, ಹೊಸದನ್ನು ಬೇಗ ಕಲಿಯುವ ಮಗಳೋ, ತಿಂಗಳಿಗೊಬ್ಬರು ಬದಲಾಗುವ ಕೆಲಸದವರೋ? ಕೆಟ್ಟರೆ ಸರಿ ಮಾಡಲು ಹತ್ತಿರದಲ್ಲಿ ಯಾರಿದ್ದಾರೆ?

ಮಷಿನ್ ಪಾಸಾಗುತ್ತದಾ?

ಇದಾದ ಮೇಲೆ ಮಷಿನ್ ನೋಡಿ. ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್‌ಗೆ ಹೋಗಿ, ಕೊನೆಯಲ್ಲಿ ಅಬೌಟ್ ಒತ್ತಿದರೆ ಪ್ರೊಸೆಸರ್ ಹೆಸರು ಕಾಣುತ್ತದೆ. ಇಂಟೆಲ್ ಆದರೆ ಐ3, ಐ5, ಐ7 ಆದಮೇಲೆ ಬರುವ ಸಂಖ್ಯೆ ನೋಡಿ. ಐ5-7200ಯು ಅಂದರೆ ಏಳನೇ ಜನರೇಶನ್, ಐ5-8250ಯು ಅಂದರೆ ಎಂಟನೇದು. ಸ್ವಲ್ಪ ವಿನಾಯಿತಿಗಳನ್ನು ಬಿಟ್ಟರೆ ವಿಂಡೋಸ್ 11 ಎಂಟನೇ ಜನರೇಶನ್‌ನಿಂದ ಮೇಲಿನದಕ್ಕೆ ಮಾತ್ರ. ಎಎಂಡಿ ಆದರೆ ಹೆಚ್ಚುಕಡಿಮೆ ರೈಜೆನ್ 2000 ಸರಣಿಯಿಂದ ಮೇಲಕ್ಕೆ. ಜೊತೆಗೆ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್, ಸೆಕ್ಯೂರ್ ಬೂಟ್ ಮತ್ತು ಟಿಪಿಎಂ 2.0 ಬೇಕು. ಸೆಕ್ಯೂರ್ ಬೂಟ್ ಅಂದರೆ ಮಷಿನ್ ಆನ್ ಆಗುವಾಗ ನಂಬಲಾಗದ ಸಾಫ್ಟ್‌ವೇರ್ ನುಗ್ಗದಂತೆ ತಡೆಯುವ ವ್ಯವಸ್ಥೆ. ಟಿಪಿಎಂ ಅಂದರೆ ಪಾಸ್‌ವರ್ಡ್ ಮತ್ತು ಗುಪ್ತಲಿಪಿಯ ಕೀಗಳನ್ನು ಕಾಯುವ ಚಿಪ್. ಈ ಎಲ್ಲವನ್ನೂ ಒಟ್ಟಿಗೆ ಪರೀಕ್ಷಿಸಲು ಮೈಕ್ರೋಸಾಫ್ಟ್‌ನದ್ದೇ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಆ್ಯಪ್ ಇದೆ.

ಇಲ್ಲಿ ಒಂದು ಮಾತು. ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್‌ಗಳಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ಬರುವ ಮಷಿನ್‌ನ ಮೂಲ ಸೆಟ್ಟಿಂಗ್) ಆಫ್ ಆಗಿರುವುದು ತುಂಬಾ ಸಾಮಾನ್ಯ. ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ ಎಂದೂ, ಎಎಂಡಿಯಲ್ಲಿ ಎಫ್‌ಟಿಪಿಎಂ ಎಂದೂ ಬರೆದಿರುತ್ತದೆ. ಉಳಿದದ್ದೆಲ್ಲ ಸರಿ ಇದ್ದರೆ ಅದನ್ನು ಆನ್ ಮಾಡಿದರೆ ಸಾಕು, "ನಿಮ್ಮ ಪಿಸಿ ಅರ್ಹವಲ್ಲ" ಎನ್ನುತ್ತಿದ್ದ ಮಷಿನ್ ಪಾಸಾಗುತ್ತದೆ. ಇದನ್ನು ನೋಡದೆಯೇ ಹೊಸದು ತಗೊಳ್ಳಿ ಎಂದು ಯಾರಾದರೂ ಹೇಳಿದರೆ ಇನ್ನೊಬ್ಬರನ್ನು ಕೇಳಿ. ಆದರೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಬರೆದಿಟ್ಟುಕೊಂಡೇ ಬಯೋಸ್ ಮುಟ್ಟಿ.

ಪಾಸಾದರೆ: ಅದೇ ಮಷಿನ್‌ಗೆ ವಿಂಡೋಸ್ 11

ಪಾಸಾಗಿದ್ದರೆ ಜಾಸ್ತಿ ಯೋಚನೆ ಬೇಡ. ಅಸಲಿ ವಿಂಡೋಸ್ 10 ಇದ್ದವರಿಗೆ ಇದು ಉಚಿತ. ಟ್ಯಾಲಿ, ಡಿಎಸ್‌ಸಿ, ಬೆರಳಚ್ಚಿನ ಸಾಧನ ಎಲ್ಲವೂ ಜೊತೆಗೇ ಬರುತ್ತವೆ. ಮೆನು ಮಧ್ಯಕ್ಕೆ ಬಂದಿದೆ ಎಂದು ಎರಡು ದಿನ ಕಿರಿಕಿರಿ ಆಗಬಹುದು, ಆಮೇಲೆ ರೂಢಿ ಆಗುತ್ತದೆ.

ಆದರೆ 4 ಜಿಬಿ ರ‍್ಯಾಮ್ ಸಾಕು ಎನ್ನುವುದು ಕಾಗದದ ಮೇಲಿನ ಮಾತು. ನಿಜವಾಗಿ ಕೆಲಸ ಮಾಡಲು 8 ಜಿಬಿ ಬೇಕು. ಹಳೆಯ ತಿರುಗುವ ಹಾರ್ಡ್‌ಡಿಸ್ಕ್ ಇದ್ದರೆ ಮೊದಲು ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್, ಅಂದರೆ ಎಸ್‌ಎಸ್‌ಡಿ ಹಾಕಿಸಿ. ಹೊಸ ಲ್ಯಾಪ್‌ಟಾಪಿನ ಬೆಲೆಯ ಎದುರು ಅದು ಸಣ್ಣ ಖರ್ಚು, ಆದರೆ ವೇಗದಲ್ಲಿ ಅದು ತರುವಷ್ಟು ವ್ಯತ್ಯಾಸ ಬೇರೆ ಯಾವುದೂ ತರುವುದಿಲ್ಲ.

ಫೇಲಾದ ಮಷಿನ್‌ಗೂ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರು ಇದ್ದಾರೆ. ಹಾಕಲು ಬರುತ್ತದೆ, ನಿಜ. ಆದರೆ ಅಂಥ ಮಷಿನ್‌ಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಅಪ್‌ಡೇಟನ್ನು ಪ್ರತಿ ಸಲವೂ ಒತ್ತಾಯದಿಂದ ಹಾಕಿಸಬೇಕಾಗುತ್ತದೆ. 2024ರಲ್ಲಿ ಬಂದ 24ಎಚ್2 ಆವೃತ್ತಿಯಂತೂ ಕೋರ್ 2 ಡ್ಯುಯೋ ಕಾಲದ ಪ್ರೊಸೆಸರ್‌ಗಳಲ್ಲಿ ಬೂಟ್ ಸಹ ಆಗುವುದಿಲ್ಲ. ಮನೆಯಲ್ಲಿ ಕಲಿಯುವ ಹುಮ್ಮಸ್ಸಿರುವವರು ಮಾಡಿ ನೋಡಲಿ. ಅಂಗಡಿಯ ಲೆಕ್ಕದ ಮಷಿನ್‌ಗೆ ಇದು ಬೇಡ.

ಸಮಯ ಬೇಕಿದ್ದರೆ: ಒಂದು ವರ್ಷದ ಹೆಚ್ಚುವರಿ ಅಪ್‌ಡೇಟ್

ಇಎಸ್‌ಯು ಎಂದು ಕರೆಯುವ ಈ ಯೋಜನೆ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಮನೆಬಳಕೆಯ ಕಂಪ್ಯೂಟರ್‌ಗೆ 2026ರ ಅಕ್ಟೋಬರ್ 13ರ ವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಪಡೆಯಲು ಮೂರು ಬಗೆ. ಸೆಟ್ಟಿಂಗ್ಸ್‌ ಬ್ಯಾಕಪ್ ಆನ್ ಮಾಡಿ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದರೆ ಉಚಿತ. ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1,000 ಪಾಯಿಂಟ್ ಕೊಟ್ಟೂ ಪಡೆಯಬಹುದು. ಇಲ್ಲವೇ 30 ಡಾಲರ್ ಅಥವಾ ಅಷ್ಟೇ ಬೆಲೆಯ ನಮ್ಮ ದುಡ್ಡು ಒಮ್ಮೆ ಕಟ್ಟಬೇಕು. ಒಂದು ಖಾತೆಯಲ್ಲಿ 10 ಕಂಪ್ಯೂಟರ್‌ಗಳ ವರೆಗೆ ಸೇರಿಸಬಹುದು.

ಮಷಿನ್‌ನಲ್ಲಿ ವಿಂಡೋಸ್ 10ರ ಕೊನೆಯ ಆವೃತ್ತಿ 22ಎಚ್2 ಇರಲೇಬೇಕು. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಕಾಣುತ್ತದೆ. ತಡವಾಗಿ ಸೇರಿದರೂ ಹಿಂದಿನ ತಿಂಗಳುಗಳ ಅಪ್‌ಡೇಟ್ ಸಿಗುತ್ತದೆ, ಆದರೆ ಕೊನೆಯ ದಿನ ಮುಂದಕ್ಕೆ ಹೋಗುವುದಿಲ್ಲ. ಬ್ಯಾಕಪ್ ಆನ್ ಮಾಡುವಾಗ ಒಂದು ಎಚ್ಚರ: ಒನ್‌ಡ್ರೈವ್‌ನಲ್ಲಿ ಉಚಿತ ಜಾಗ 5 ಜಿಬಿ ಮಾತ್ರ. ಫೋಟೋ, ಡಾಕ್ಯುಮೆಂಟ್ ಫೋಲ್ಡರುಗಳನ್ನು ಬಿಟ್ಟು ಬರೀ ಸೆಟ್ಟಿಂಗ್ಸ್ ಆರಿಸಿದರೆ ಜಾಗ ತುಂಬುವ ಕಾಟ ಇರುವುದಿಲ್ಲ.

ಡೊಮೇನ್‌ಗೆ, ಅಂದರೆ ಸಂಸ್ಥೆ ಒಂದೇ ಕಡೆಯಿಂದ ನಿಯಂತ್ರಿಸುವ ಜಾಲಕ್ಕೆ ಜೋಡಿಸಿದ ಕಚೇರಿ ಕಂಪ್ಯೂಟರ್‌ಗಳಿಗೆ ಈ ಮನೆಬಳಕೆಯ ಯೋಜನೆ ನಡೆಯುವುದಿಲ್ಲ. ಸಂಸ್ಥೆಗಳ ದರ ಬೇರೆ: ಮೊದಲ ವರ್ಷ ಮಷಿನ್‌ಗೆ 61 ಡಾಲರ್, ಮುಂದೆ ವರ್ಷ ವರ್ಷ ಎರಡರಷ್ಟು, ಒಟ್ಟು ಮೂರು ವರ್ಷ. ಅಂದರೆ 61, 122, 244, ಸೇರಿಸಿದರೆ 427 ಡಾಲರ್. ಹಳೆ ಮಷಿನ್ ಮೇಲೆ ಅಷ್ಟು ಸುರಿಯುವ ಬದಲು ಆ ದುಡ್ಡನ್ನು ಬೇರೆ ಕಂಪ್ಯೂಟರಿಗೆ ಹಾಕುವುದೇ ಜಾಣತನ. ಮೊದಲ ವರ್ಷದ್ದು ಮಾತ್ರ ಕೆಲವರಿಗೆ ಸರಿ ಹೋಗಬಹುದು.

ಕೇಶ್ವಾಪುರದ ಮನೆಯೊಂದರಲ್ಲಿ ನಿವೃತ್ತ ಮೇಷ್ಟ್ರು ಪಿಂಚಣಿ ಖಾತೆ ನೋಡಲು, ಮೊಮ್ಮಕ್ಕಳ ಜೊತೆ ವಿಡಿಯೋದಲ್ಲಿ ಮಾತಾಡಲು ಇಟ್ಟುಕೊಂಡ ಕಂಪ್ಯೂಟರ್ ಇದೆ ಎಂದುಕೊಳ್ಳಿ. ಅವರಿಗೆ ಇವತ್ತೇ ಮಾಡಿಕೊಡಬೇಕಾದ್ದು ಇದು. ಏನೂ ಹೊಸದಾಗಿ ಕಲಿಯಬೇಕಿಲ್ಲ. ಆದರೆ ಇದು ಯೋಚಿಸಲು ಸಿಕ್ಕ ಸಮಯ ಅಷ್ಟೇ. ಈ ಸಮಯದಲ್ಲಿ ಮುಂದಿನ ದಾರಿ ಗೊತ್ತು ಮಾಡಿಕೊಳ್ಳಬೇಕು.

ಫೇಲಾದರೆ, ವಿಂಡೋಸ್ ಕಟ್ಟು ಇಲ್ಲದಿದ್ದರೆ: ಲಿನಕ್ಸ್

ನನ್ನ ಮನಸ್ಸಿಗೆ ಹತ್ತಿರದ ದಾರಿ ಇದು. ಆದರೂ ಎಲ್ಲರಿಗೂ ಹೇಳುವುದಿಲ್ಲ. ವಿಂಡೋಸ್‌ನಿಂದ ಬರುವವರಿಗೆ ಲಿನಕ್ಸ್ ಮಿಂಟ್ ಸುಲಭ. ಕೆಳಗೆ ಪಟ್ಟಿ, ಎಡಮೂಲೆಯಲ್ಲಿ ಮೆನು, ನೋಡಲು ಪರಿಚಿತವೇ ಅನಿಸುತ್ತದೆ. ಮಿಂಟ್ 22ಕ್ಕೆ 2029ರ ವರೆಗೆ ಅಪ್‌ಡೇಟ್ ಇದೆ. 4 ಜಿಬಿ ರ‍್ಯಾಮ್ ಇದ್ದರೆ ಆರಾಮಾಗಿ ನಡೆಯುತ್ತದೆ, ಇನ್ನೂ ಕಡಿಮೆ ಇದ್ದರೆ ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ. ಪ್ರೊಸೆಸರ್ ಮಾತ್ರ 64 ಬಿಟ್‌ನದ್ದು ಇರಬೇಕು. ಲೈಸೆನ್ಸ್ ದುಡ್ಡಿಲ್ಲ. ಆಫೀಸ್ ಕೆಲಸಕ್ಕೆ ಲಿಬ್ರೆಆಫೀಸ್ ಜೊತೆಗೇ ಬರುತ್ತದೆ.

ಕನ್ನಡದ ಚಿಂತೆ ಬಹಳ ಜನರಿಗೆ. ಯುನಿಕೋಡ್ ಕನ್ನಡ, ಅಂದರೆ ಮೊಬೈಲು, ವೆಬ್‌ಸೈಟು ಎಲ್ಲ ಕಡೆ ಒಂದೇ ತರಹ ಕಾಣುವ ಕನ್ನಡ, ಲಿನಕ್ಸ್‌ನಲ್ಲಿ ಚೆನ್ನಾಗಿಯೇ ನಡೆಯುತ್ತದೆ. ಐಬಸ್ ಎಂಬ ಟೈಪಿಂಗ್ ಸೌಲಭ್ಯಕ್ಕೆ ಎಂ17ಎನ್ ಎಂಬ ಕೀಲಿಮಣೆಗಳ ಸಂಗ್ರಹ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಸಿಗುತ್ತದೆ, ನುಡಿಯಲ್ಲಿ ರೂಢಿಯಾದ ಕೆಜಿಪಿ ವಿನ್ಯಾಸವೂ ಸಿಗುತ್ತದೆ. ಬೆರಳು ಹೊಸದಾಗಿ ಕಲಿಯಬೇಕಿಲ್ಲ. ತೊಂದರೆ ಇರುವುದು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಫೈಲುಗಳದ್ದು. ಅವು ಯುನಿಕೋಡ್ ಅಲ್ಲ. ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಅವನ್ನು ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಇವೆ, ಉಚಿತವಾಗಿಯೇ ಸಿಗುತ್ತವೆ. ಬದಲಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ಓದಿ ನೋಡಿ. ತಪ್ಪು ಆಗುವುದು ಅಲ್ಲೇ. ವಿಂಡೋಸ್ ಬಿಡಲಿ, ಬಿಡದಿರಲಿ, ಈ ಕೆಲಸವನ್ನು ಎಲ್ಲರೂ ಮಾಡಲೇಬೇಕು. ನಿಮ್ಮ ಸಂಘದ ನಡಾವಳಿ, ಅಪ್ಪ ಬರೆದ ವಚನ ಸಂಗ್ರಹ, ಊರ ಜಾತ್ರೆಯ ಸ್ಮರಣ ಸಂಚಿಕೆ ಇವೆಲ್ಲ ಹಳೆ ಫಾಂಟಿನಲ್ಲೇ ಉಳಿದರೆ ಒಂದು ದಿನ ಓದುವವರೇ ಇರುವುದಿಲ್ಲ.

ಲಿನಕ್ಸ್ ಎಲ್ಲಿ ಬೇಡ? ಟ್ಯಾಲಿ ಇರುವಲ್ಲಿ ಬೇಡ. ಬೆರಳಚ್ಚಿನ ಸಾಧನ ಇರುವಲ್ಲಿ ಬೇಡ, ಅವುಗಳನ್ನು ಆಧಾರ್‌ಗೆ ಜೋಡಿಸುವ ಆರ್‌ಡಿ ಸರ್ವಿಸ್ ಎಂಬ ಸಾಫ್ಟ್‌ವೇರ್ ವಿಂಡೋಸ್ ಮತ್ತು ಆಂಡ್ರಾಯ್ಡ್ ನಂಬಿ ಮಾಡಿದ್ದು. ಡಿಎಸ್‌ಸಿ ಟೋಕನ್‌ಗಳನ್ನು ನಡೆಸುವುದೂ ತಲೆನೋವು. ಪ್ರಿಂಟರ್‌ಗಳಲ್ಲಿ ಎಚ್‌ಪಿಯ ಹೆಚ್ಚಿನವು ಹಾಕಿದ ತಕ್ಷಣ ನಡೆಯುತ್ತವೆ. ಆದರೆ ನಮ್ಮ ಕಡೆ ಝೆರಾಕ್ಸ್ ಅಂಗಡಿ, ವಕೀಲರ ಆಫೀಸುಗಳಲ್ಲಿ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸ್‌ನಲ್ಲಿ ಸತಾಯಿಸುತ್ತದೆ. ಡ್ರೈವರ್ ಇದೆ, ಕೂಡಿಸುವುದು ಸುಲಭವಲ್ಲ.

ಒಳ್ಳೆಯ ಸಂಗತಿ ಏನೆಂದರೆ ಏನನ್ನೂ ಅಳಿಸದೆ ಇದನ್ನು ಪರೀಕ್ಷೆ ಮಾಡಬಹುದು. ಪೆನ್‌ಡ್ರೈವ್‌ನಿಂದಲೇ ಮಿಂಟ್ ಬೂಟ್ ಮಾಡಿ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ಒಂದೊಂದಾಗಿ ನೋಡಿ. ಮಡದಿಗೋ ಮಗನಿಗೋ ಒಂದು ಸಂಜೆ ಬಳಸಲು ಕೊಡಿ. ಸರಿ ಬಂದರೆ ಮಾತ್ರ ಇನ್‌ಸ್ಟಾಲ್ ಮಾಡಿ.

ಸಪ್ತಾಪುರದ ಹುಡುಗನ ಲೆಕ್ಕ ನೋಡಿ. ಐದನೇ ಜನರೇಶನ್ ಐ3, 4 ಜಿಬಿ ರ‍್ಯಾಮ್. ಬೇಕಾದ್ದು ಪಿಡಿಎಫ್ ಓದುವುದು, ಪಾಠದ ವಿಡಿಯೋ, ಆನ್‌ಲೈನ್ ಮಾಕ್ ಟೆಸ್ಟ್, ಅರ್ಜಿ ತುಂಬುವುದು. ಇದಕ್ಕೆ ಮಿಂಟ್ ಮತ್ತು ಒಂದು ಎಸ್‌ಎಸ್‌ಡಿ ಸಾಕು. ಮನೆಯಿಂದ ಬರುವ ದುಡ್ಡು ರೂಮಿನ ಬಾಡಿಗೆಗೆ, ಮೆಸ್‌ಗೆ ಉಳಿಯುತ್ತದೆ.

ಕ್ರೋಮ್ ಓಎಸ್ ಫ್ಲೆಕ್ಸ್

ಗೂಗಲ್ ಇದನ್ನು ಉಚಿತವಾಗಿ ಕೊಡುತ್ತದೆ. 4 ಜಿಬಿ ರ‍್ಯಾಮ್, 16 ಜಿಬಿ ಜಾಗ ಸಾಕು. ಬ್ರೌಸರ್‌ನಲ್ಲೇ ಎಲ್ಲ ಕೆಲಸ ಮುಗಿಯುವವರಿಗೆ, ಶಾಲೆಯ ಕಂಪ್ಯೂಟರ್ ಕೋಣೆಗೆ, ಊರಿನ ಗ್ರಂಥಾಲಯಕ್ಕೆ ಚೆನ್ನ, ಕೆಡಿಸುವುದು ಕಷ್ಟ. ಆದರೆ ಪ್ಲೇ ಸ್ಟೋರ್ ಆ್ಯಪ್‌ಗಳು ಇದರಲ್ಲಿ ಇಲ್ಲ. ಇಂಟರ್ನೆಟ್ ಆಗಾಗ ಹೋಗುವ ಹಳ್ಳಿಯಲ್ಲಿ ಇದಕ್ಕಿಂತ ಮಿಂಟ್ ಮೇಲು.

ಬೇರೆ ಕಂಪ್ಯೂಟರ್ ಕೊಳ್ಳುವುದು

ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಟ್ಯಾಲಿ ಇದೆ, ನೆಟ್ ಬ್ಯಾಂಕಿಂಗ್ ಇದೆ, ರೈತರ ಪಟ್ಟಿ ಬಾಕಿ ಇದೆ, ಮಷಿನ್ ಆರನೇ ಜನರೇಶನ್‌ನದ್ದು. ಇಲ್ಲಿ ಬೇರೆ ಮಾತೇ ಇಲ್ಲ, ಹೊಸದು ತಗೊಳ್ಳಿ. ಜಿಎಸ್‌ಟಿ ನೋಂದಣಿ ಇದ್ದು ತೆರಿಗೆ ಇರುವ ವಹಿವಾಟು ಮಾಡುವವರು ಅಂಗಡಿ ಹೆಸರಿನಲ್ಲಿ ಬಿಲ್ ಮಾಡಿಸಿದರೆ ಕಂಪ್ಯೂಟರ್ ಮೇಲಿನ 18% ತೆರಿಗೆ ಇನ್‌ಪುಟ್ ಆಗಿ ವಾಪಸ್ ಬರಬಹುದು. ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆಯಾದ ಕಾಂಪೋಸಿಷನ್‌ನಲ್ಲಿ ಇರುವವರಿಗೆ ಅದು ಇಲ್ಲ. ಆದಾಯ ತೆರಿಗೆಯಲ್ಲಿ ಕಂಪ್ಯೂಟರ್‌ಗೆ 40% ಸವಕಳಿ ಇದೆ. ಈ ಎರಡನ್ನೂ ನಿಮ್ಮ ಆಡಿಟರ್ ಹತ್ತಿರ ಕೂತು ಲೆಕ್ಕ ಹಾಕಿದರೆ ಬೋರ್ಡಿನ ಮೇಲೆ ಬರೆದ ಬೆಲೆಗೂ ನಿಮ್ಮ ಜೇಬಿನಿಂದ ನಿಜವಾಗಿ ಹೋಗುವ ದುಡ್ಡಿಗೂ ಎಷ್ಟು ಅಂತರ ಇದೆ ಎಂದು ಕಾಣುತ್ತದೆ.

ಅಷ್ಟು ಬಜೆಟ್ ಇಲ್ಲದವರಿಗೆ ರಿಫರ್ಬಿಷ್ಡ್ ಲ್ಯಾಪ್‌ಟಾಪ್ ಒಳ್ಳೆ ನಡುದಾರಿ. ದೊಡ್ಡ ಕಂಪನಿಗಳು ಬಳಸಿ ಬಿಟ್ಟ ಬಿಸಿನೆಸ್ ಮಾಡೆಲ್‌ಗಳು ಗಟ್ಟಿಮುಟ್ಟಾಗಿರುತ್ತವೆ. ಆದರೆ ಈಗ ಮಾರುಕಟ್ಟೆಗೆ ಆರು, ಏಳನೇ ಜನರೇಶನ್‌ನವು ಅಗ್ಗಕ್ಕೆ ಬರುತ್ತಿರುವುದೇ ವಿಂಡೋಸ್ 11 ನಡೆಯದ ಕಾರಣಕ್ಕೆ. "ವಿಂಡೋಸ್ 11 ಹಾಕಿದೆ ನೋಡ್ರಿ" ಎಂದು ತೋರಿಸಿದರೂ ಪ್ರೊಸೆಸರ್ ಸಂಖ್ಯೆ ನೀವೇ ನೋಡಿ. ಎಂಟನೇದಕ್ಕಿಂತ ಕೆಳಗಿನದು ಬೇಡ, ಹತ್ತನೇದಾದರೆ ಇನ್ನೂ ಒಳ್ಳೆಯದು. ವಿಂಡೋಸ್ ಅಸಲಿ ಇದೆಯಾ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಬಿಲ್ಲು ಮತ್ತು ವಾರಂಟಿ ಕೊಡುತ್ತಾರಾ ಕೇಳಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿದೆ. ಅದಕ್ಕೇ ಆಮೇಲೆ ಹಾಕಿಸೋಣ ಎನ್ನದೆ ಮೊದಲೇ 16 ಜಿಬಿ ಇರುವುದನ್ನು ಹುಡುಕುವುದು ಲಾಭ.

ಇಂಟರ್ನೆಟ್ ಕಿತ್ತು ಹಾಗೇ ಇಡುವುದು

ಗದಗ ಮುದ್ರಣಕ್ಕೆ ಹೆಸರಾದ ಊರು. ಅಲ್ಲಿನ ಪ್ರೆಸ್‌ನಲ್ಲಿ ಪೇಜ್‌ಮೇಕರ್ 7 ಇನ್ನೂ ಕೆಲಸ ಮಾಡುತ್ತಿದ್ದರೆ ಆಶ್ಚರ್ಯ ಇಲ್ಲ. ಅದು 2001ರಲ್ಲಿ ಬಂದ ಸಾಫ್ಟ್‌ವೇರ್, ಅಡೋಬಿ ಅದನ್ನು ಬೆಳೆಸುವುದನ್ನು ಬಿಟ್ಟು ಎರಡು ದಶಕ ಆಯಿತು. ಆದರೆ ಲಗ್ನಪತ್ರಿಕೆ, ಪಂಚಾಂಗ, ಬಿಲ್ ಪುಸ್ತಕಗಳ ಮಾದರಿ ಎಲ್ಲ ಅದರಲ್ಲೇ ಇವೆ, ಬೆರಳಿಗೆ ಅದೇ ರೂಢಿ. ಹುಬ್ಬಳ್ಳಿ ಗೋಕುಲ ರಸ್ತೆಯ ಕಾರ್ಖಾನೆಯಲ್ಲಿ ಹಳೆಯ ಸಾಫ್ಟ್‌ವೇರ್‌ನಿಂದಲೇ ನಡೆಯುವ ಯಂತ್ರ ಇರುವವರದ್ದೂ ಇದೇ ಕಥೆ. ಅಂಥವರು ಆ ಕಂಪ್ಯೂಟರನ್ನು ಒತ್ತಾಯದಿಂದ ಬದಲಿಸಬೇಕಾಗಿಲ್ಲ.

ಕೇಬಲ್ ಕಿತ್ತು ವೈಫೈ ಆಫ್ ಮಾಡಿ. ಮೇಲ್, ವಾಟ್ಸಾಪ್‌ನಲ್ಲಿ ಬರುವ ಫೈಲುಗಳಿಗೆ ಬೇರೆ ಒಂದು ಸಣ್ಣ ಮಷಿನ್ ಇಡಿ. ಲಿನಕ್ಸ್ ಹಾಕಿದ ಹಳೆ ಲ್ಯಾಪ್‌ಟಾಪ್ ಆದರೂ ನಡೆಯುತ್ತದೆ. ಫೈಲು ಒಯ್ಯಲು ಒಂದೇ ಪೆನ್‌ಡ್ರೈವ್ ಮೀಸಲಿಡಿ, ಗಿರಾಕಿಗಳ ಪೆನ್‌ಡ್ರೈವ್ ಆ ಕಂಪ್ಯೂಟರ್‌ಗೆ ಚುಚ್ಚಲೇಬೇಡಿ. ಡಿಸ್ಕ್‌ನ ಪೂರ್ತಿ ಪ್ರತಿ ಒಂದನ್ನು ತೆಗೆದಿಡಿ. ಅಷ್ಟು ಹಳೆಯ ಮಷಿನ್‌ನಲ್ಲಿ ವೈರಸ್‌ಗಿಂತ ಮೊದಲು ಹಾರ್ಡ್‌ಡಿಸ್ಕೇ ಹೋಗಬಹುದು.

ಇಂಟರ್ನೆಟ್ ಜೋಡಿಸಿಕೊಂಡೇ, ಅಪ್‌ಡೇಟ್ ಇಲ್ಲದೆ ಮುಂದುವರಿಯುತ್ತೇವೆ ಎನ್ನುವವರಿಗೆ ನಾನು ಒಪ್ಪಲಾರೆ. ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಆಂಟಿವೈರಸ್‌ನ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೆ ಬರುತ್ತದೆ, ಮೈಕ್ರೋಸಾಫ್ಟ್ 365ಕ್ಕೂ ಅಲ್ಲಿಯವರೆಗೆ ಭದ್ರತಾ ಅಪ್‌ಡೇಟ್ ಇದೆ, ನಿಜ. ಆದರೆ ಅವು ವಿಂಡೋಸ್‌ನ ಒಳಗಿನ ತೂತು ಮುಚ್ಚುವುದಿಲ್ಲ. ಆಫೀಸ್ 2016 ಮತ್ತು 2019ರ ಬೆಂಬಲವೂ ಅದೇ ಅಕ್ಟೋಬರ್ 14ಕ್ಕೆ ಮುಗಿದಿದೆ. ಬ್ರೌಸರ್‌ಗಳೂ ಒಂದು ದಿನ ಕೈಬಿಡುತ್ತವೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ನಿಂತಿತ್ತು, 2023ರ ಆರಂಭದಲ್ಲಿ ಕ್ರೋಮ್ ಅದನ್ನು ಬಿಟ್ಟಿತು.

ಯಾವ ದಾರಿ ಹಿಡಿದರೂ

ಮೊದಲು ಬ್ಯಾಕಪ್. ಟ್ಯಾಲಿಯ ಡೇಟಾ ಫೋಲ್ಡರ್, ಹಳೆ ಫಾಂಟುಗಳು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್, ಔಟ್‌ಲುಕ್ ಮೇಲ್ ಫೈಲು, ಪ್ರಿಂಟರ್ ಮತ್ತು ಟೋಕನ್ ಡ್ರೈವರ್‌ಗಳು. ಡೆಸ್ಕ್‌ಟಾಪ್ ಮೇಲೆ ಸುಮ್ನೆ ಇಟ್ಟ ಫೈಲುಗಳನ್ನು ಮರೆಯಬೇಡಿ, ಮುಖ್ಯವಾದದ್ದು ಹೆಚ್ಚಾಗಿ ಅಲ್ಲೇ ಇರುತ್ತದೆ. ಪ್ರತಿ ತೆಗೆದ ಮೇಲೆ ಬೇರೆ ಕಂಪ್ಯೂಟರ್‌ನಲ್ಲಿ ಒಂದೆರಡು ಫೈಲು ತೆರೆದು ನೋಡಿ. ಹಳೆ ಮಷಿನ್ ಮಾರುವುದಾದರೆ ಡಿಸ್ಕ್ ತೆಗೆದಿಟ್ಟುಕೊಳ್ಳಿ, ಇಲ್ಲವೇ ಪೂರ್ತಿ ಅಳಿಸಿ. ಡಿಲೀಟ್ ಒತ್ತಿದ ಮಾತ್ರಕ್ಕೆ ಗಿರಾಕಿಗಳ ಆಧಾರ್ ಪ್ರತಿ ಅಳಿಯುವುದಿಲ್ಲ.

ಇನ್ನು ಯಾವಾಗ ಮಾಡಿಸುವುದು? ಬ್ಯಾಡಗಿಯವರು ಮೆಣಸಿನಕಾಯಿ ಆವಕ ಜೋರಾಗಿರುವ ಜನವರಿಯಿಂದ ಮಾರ್ಚ್‌ವರೆಗೆ ಕೈಹಾಕಬೇಡಿ, ವರ್ಷದ ಲೆಕ್ಕ ಮುಗಿಸಿ ಮೇ ಹೊತ್ತಿಗೆ ಮಾಡಿಸಿ. ಪ್ರೆಸ್‌ನವರಿಗೆ ಲಗ್ನಗಳಿಲ್ಲದ ಆಷಾಢವೇ ಒಳ್ಳೆಯದು. ಈ ಎರಡೂ ಸಮಯ ಇಎಸ್‌ಯು ಮುಗಿಯುವ ಅಕ್ಟೋಬರ್‌ಗೆ ಮೊದಲೇ ಬರುತ್ತವೆ. ಬದಲಿಸಿದ ಮೇಲೆ ಹಳೆ ಮಷಿನ್ ಅನ್ನು ಒಂದು ತಿಂಗಳು ಪಕ್ಕದಲ್ಲೇ ಇಟ್ಟುಕೊಳ್ಳಿ, ತಿಂಗಳ ರಿಟರ್ನ್ಸ್ ಒಂದು ಸಲ ಹೊಸದರಲ್ಲೇ ಸಲ್ಲಿಕೆ ಆಗುವ ತನಕ.